ಸಂಚಿಯಲ್ಲಿ ಉಳಿದ ಅರ್ಧ

ಟಕ್, ಎದುರು ಬೆಂಚಿನ ಮುದುಕ ಕಡಲೆಕಾಯಿ ಒಡೆಯುತ್ತಾನೆ, ಹೆಬ್ಬೆರಳಿನಿಂದ ಒತ್ತಿದರೆ ಎರಡು ಹೋಳು, ಬೀಜ ಬಾಯಿಗೆ, ಸಿಪ್ಪೆ ಆಸ್ಪತ್ರೆಯ ನೆಲಕ್ಕೆ, ಇವನಪ್ಪನ ಮನೆಯೇನೋ, ಎದ್ದು ಹೋಗಿ ಆ ಪೊಟ್ಟಣ ಕಿತ್ತು ಬಿಸಾಡಬೇಕೆನಿಸುತ್ತದೆ ಸರಸುವಿಗೆ, ಆದರೂ ಕಣ್ಣು ಅಲ್ಲಿಗೇ ಹೋಗುತ್ತದೆ, ಟಕ್ — ಒಳಗೆ ತಂಗಿ ಪಳನಿಯಮ್ಮಾಳ್ ಮಲಗಿದ್ದಾಳೆ, ಬಲಗೈ ಬಾಳೆದಿಂಡಿನ ಹಾಗೆ ಊದಿದೆ, ಮೊಣಕೈ ಕೆಳಗೆ ಡಾಕ್ಟರು ನೀಲಿ ಪೆನ್ನಿನಲ್ಲಿ ಗೆರೆ ಎಳೆದಿದ್ದಾನೆ, ಕೆಂಪು ಈ ಗೆರೆ ದಾಟಿದರೆ ಕೈ ತೆಗೆಯಬೇಕಾಗುತ್ತದೆ ಅಮ್ಮಾ ಎಂದ, ತಮಿಳಿನಲ್ಲಿ, ಮೀಸೆ ಸರಿಯಾಗಿ ಮೂಡದ ಹುಡುಗ, ತೆಗೆಯುವುದಂತೆ, ಒಣಕಡ್ಡಿಯೇ ಅದು ಸವರಿ ಎಸೆಯೋದಕ್ಕೆ, ಆ ಕೈ ಕತ್ತರಿ ಹಿಡಿದರೆ ಕಾಮಯಗೌಂಡನ್‌ಪಟ್ಟಿಯಲ್ಲಿ ಸಮ ಯಾರಿದ್ದರು, ದ್ರಾಕ್ಷಿ ಚಪ್ಪರದ ಕೆಳಗೆ ಉಳಿದವರು ಅರ್ಧ ಸಾಲಿನಲ್ಲಿರುವಾಗಲೇ ಆಚೆ ತುದಿಯಿಂದ ಏನಕ್ಕಾ, ಬಳ್ಳಿ ಜೊತೆ ಸಂಬಂಧ ಮಾತಾಡ್ತಾ ನಿಂತ್ಯಾ ಎಂದು ನಗುವವಳು. ಅವತ್ತು ಕೈ ಬದಲಿಸುವಾಗ ಕತ್ತರಿ ಜಾರಿ ಬಲ ಹೆಬ್ಬೆರಳ ಬುಡಕ್ಕೆ ಕೂತಿತು, ಅಂಥದ್ದೇನಲ್ಲ, ಬಳ್ಳಿ ಸವರುವ ಕಾಲದಲ್ಲಿ ಯಾವ ಹೆಣ್ಣಿನ ಕೈಯಲ್ಲಿ ಗಾಯವಿಲ್ಲ, ಅದಕ್ಕೇ ಅಲ್ಲವೇ ಸರಸುವಿನ ಎಲೆಯಡಿಕೆ ಸಂಚಿಯಲ್ಲಿ ಕೆಂಪು-ಕಪ್ಪು ಗುಳಿಗೆ ಇರುವುದು, ಹಿಡಿದು ತಿರುವಿದರೆ ಟಕ್ ಎಂದು ಎರಡಾಗುತ್ತದೆ, ಅರ್ಧ ಪುಡಿ ಗಾಯದ ಮೇಲೆ, ಉಳಿದರ್ಧ ಮುಚ್ಚಿಟ್ಟು ಇನ್ನೊಬ್ಬಳ ಜ್ವರಕ್ಕೆ, ಹಲ್ಲುನೋವಿಗೆ, ತೂಕಡಿಸುವ ಕೋಳಿಯ ಕೊಕ್ಕಿಗೂ ಒಂದು ಚಿಟಿಕೆ, ಇಡೀ ಗುಳಿಗೆಯನ್ನು ಒಬ್ಬಳೇ ನುಂಗಿದರೆ ಗುಂಪಿನವರು ಮುಖ ತಿರುಗಿಸುತ್ತಾರೆ, ನಮಗ್ಯಾರಿಗೂ ನೋವಿಲ್ವಾ ಎಂದು.

ತಂಗಿಗೂ ಹಾಗೇ ಅರ್ಧ ಪುಡಿ ಹಾಕಿದ್ದಳು, ಗಾಯ ಮುಚ್ಚಿತ್ತು, ಮುಚ್ಚಿದ್ದು ಮೇಲೆ ಮಾತ್ರ, ಒಳಗೆ ಕೀವು, ಎಷ್ಟು ಸೂಜಿ ಚುಚ್ಚಿದರೂ ಜ್ವರ ಇಳಿಯಲಿಲ್ಲ, ಡಾಕ್ಟರು ಔಷಧಿ ಬದಲಿಸಿದ, ಮತ್ತೆ ಬದಲಿಸಿದ, ಈ ಕ್ರಿಮಿಗಳು ಯಾವುದಕ್ಕೂ ಸಾಯುತ್ತಿಲ್ಲ, ಚಿಟಿಕೆ ಚಿಟಿಕೆ ಕೊಟ್ಟು ನೀವೇ ಅವಕ್ಕೆ ಅಭ್ಯಾಸ ಮಾಡಿಸಿದ್ದೀರಿ, ನಿಮ್ಮ ಕಡೆಯ ಹುಣ್ಣೆಲ್ಲ ಹೀಗೇ ಬರ್ತಿದೆ, ಗುಳಿಗೆಯನ್ನೇ ನೋಡದವರಿಗೂ, ಯಾರಮ್ಮಾ ಕೊಟ್ಟಿದ್ದು ಎಂದ. ಯಾರು ಕೊಟ್ಟರಂತೆ. ಕಂಬಂ ಬಸ್‌ಸ್ಟಾಂಡಿನಲ್ಲಿ ಔಷಧಿ ಅಂಗಡಿಯ ದುರೈಯನ್ನು ಕೇಳು, ಚೀಟಿ ಎಲ್ಲಿ ಎಂದು ಒಂದು ದಿನ ಕೇಳಿದವನಲ್ಲ, ಕಡಲೆ ಕೊಟ್ಟ ಹಾಗೆ ಎಣಿಸಿ ಕೊಡುತ್ತಾನೆ, ತೋಟದ ಮೇಸ್ತ್ರಿ ಮಾಧವನನ್ನು ಕೇಳು, ಎಲೆಚುಕ್ಕೆ ರೋಗಕ್ಕೆಂದು ಡ್ರಮ್ಮಿನಲ್ಲಿ ಕಲಸಿ ಚಪ್ಪರಕ್ಕೆ ಹೊಡೆಯುವ ಪುಡಿಯೂ ಇದೇ ಜಾತಿಯದ್ದೇ ಅಂತ ನೀನೇ ಹೇಳಿದೆಯಲ್ಲ, ಅದು ನಮ್ಮ ತಲೆ ಮೇಲೆ, ತೋಳ ಮೇಲೆ ತೊಟ್ಟಿಕ್ಕುವಾಗ ಯಾರೂ ಪೆನ್ನಿನಲ್ಲಿ ಗೆರೆ ಎಳೆಯಲಿಲ್ಲ, ಪೇಟೆಯವರು ದ್ರಾಕ್ಷಿ ತಿಂದು ಕೈ ಒರೆಸಿಕೊಂಡರು, ಕೇಳೋದಕ್ಕೆ ಸಿಕ್ಕಿದ್ದು ಸರಸುವಿನ ಸಂಚಿ ಮಾತ್ರ, ಹೀಗೆಲ್ಲ ಅವನ ಮುಖಕ್ಕೇ ಅಂದಿದ್ದಳು, ವಾರ್ಡೆಲ್ಲ ತಿರುಗಿ ನೋಡುವ ಹಾಗೆ, ಅವನು ತಲೆ ತಗ್ಗಿಸಿ ಕೇಳಿಸಿಕೊಂಡು, ತಪ್ಪು ಯಾರದ್ದಾದರೂ ಹೋಗೋದು ಇವಳ ಕೈಯೇ ಅಲ್ವಾ ಅಮ್ಮಾ ಅಂದ, ಟಕ್, ಸುಮ್ಮನಿರಯ್ಯಾ, ತಿನ್ನೋದೇ ಆದರೆ ಆಚೆ ಹೋಗಿ ತಿನ್ನು ಎಂದು ಕಿರುಚಿದಳು, ಮುದುಕ ಪೊಟ್ಟಣ ಮಡಚಿದ, ಅಷ್ಟರಲ್ಲಿ ಬಾಗಿಲು ತೆರೆಯಿತು, ಗಾಲಿಮಂಚ ಉರುಳಿಕೊಂಡು ಬಂತು, ಪಳನಿಯಮ್ಮಾಳ ತೋಳು ಹೊದಿಕೆಯ ಹೊರಗಿದೆ, ಕೆಂಪು ನೀಲಿ ಗೆರೆಯನ್ನು ದಾಟಿ ಎಷ್ಟೋ ಮೇಲೆ ಹೋಗಿದೆ, ಒಣಗಿದ ತುಟಿ ಅಲುಗುತ್ತಿದೆ, ಸರಸು ಬಗ್ಗಿದಳು. ಅಕ್ಕಾ, ಅವತ್ತು ಉಳಿದ ಅರ್ಧ ಐತಲ್ಲ, ನಿನ್ನ ಸಂಚೀಲಿ, ಅದ ಹಾಕಕ್ಕಾ, ವಾಸಿ ಆಯ್ತದೆ, ಕೈ ತೆಗೀಬ್ಯಾಡಿ ಅನ್ನು ಇವರ್ಗೆ. ಮಂಚ ಆಪರೇಷನ್ ಕೋಣೆಯೊಳಗೆ ಹೋಯಿತು, ಬಾಗಿಲು ಮುಚ್ಚಿತು, ಬೆರಳು ತಾನಾಗಿ ಸಂಚಿಯೊಳಗೆ ಹೋಗಿ ಅಡಿಕೆಚೂರು ಸರಿಸಿ ಅದನ್ನು ಹಿಡಿದುಕೊಂಡು ಬಂತು, ಒತ್ತಿದಳೋ ಇಲ್ಲವೋ, ಅಂಗೈ ಮೇಲೆ ಒಂದು ಕೆಂಪು ಹೋಳು, ಒಂದು ಕಪ್ಪು ಹೋಳು, ನಡುವೆ ಚಿಟಿಕೆ ಪುಡಿ, ಟಕ್, ಒಂದು ಕೆಂಪು, ಒಂದು ಕಪ್ಪು —