ಬಿಡು ಎಂಬ ಮಾತು

ಸಾವಿನ ಮನೆಗೆ ಬಂದವರಿಗೆ ಆಡಲು ಬೇರೆ ಮಾತೇ ಸಿಗುವುದಿಲ್ಲವೋ ಏನೋ. "ಬಿಡು, ಆಗಿದ್ದು ಆಯ್ತು" ಎಂದರು. "ಎಷ್ಟು ದಿನ ಅಂತ ಮನಸ್ಸಿಗೆ ಹಚ್ಕೊಂಡು ಕೂರ್ತೀಯ, ಬಿಡು" ಎಂದರು. ಹಾಗೆ ಯಾರೇ ಅಂದರೂ ಸಣ್ಣೋನ ಎರಡೂ ಕೈ ತಾವಾಗಿಯೇ ಮುಷ್ಟಿ ಕಟ್ಟುತ್ತಿದ್ದವು. ಅವನ ಅಣ್ಣನನ್ನು ಬಲಿ ತೆಗೆದುಕೊಂಡದ್ದು ಆ ಮಾತೇ. ಅದು ಎಲ್ಲರಿಗೂ ಗೊತ್ತಿತ್ತು. ಗೊತ್ತಿದ್ದೂ ನಾಲಿಗೆಗೆ ಅದೇ ಬರುತ್ತಿತ್ತು, ಪಾಪ, ಅವರಾದರೂ ಏನು ಮಾಡಿಯಾರು.

ಸಣ್ಣೋನು ಎಂದರೆ ಎಳೆಯ ಹುಡುಗನೇನಲ್ಲ. ಮೂವತ್ತು ದಾಟಿ, ಕಿವಿಯ ಬಳಿ ಬಿಳಿಕೂದಲು ಇಣುಕಿದೆ. ಅಣ್ಣ ದೊಡ್ಡೋನು, ಹಾಗಾಗಿ ಇವನು ಸಣ್ಣೋನು, ಅಷ್ಟೇ. ಇಬ್ಬರೂ ಎತ್ತರದ ಕಟ್ಟಡಗಳ ಹೊರಗೋಡೆಗೆ ಬಣ್ಣ ಹೊಡೆಯುವವರು. ಅಣ್ಣ ಹಗ್ಗಕ್ಕೆ ಕಟ್ಟಿದ ಹಲಗೆಯ ಮೇಲೆ ಕೂತು ಗೋಡೆಗುಂಟ ಇಳಿಯುತ್ತಿದ್ದ. ತಮ್ಮ ತಾರಸಿಯ ಮೇಲೆ, ಕಬ್ಬಿಣದ ಕಂಬಕ್ಕೆ ಸುತ್ತು ಹಾಕಿದ ಹಗ್ಗದ ತುದಿ ಹಿಡಿದು ನಿಲ್ಲುತ್ತಿದ್ದ. ತಾರಸಿಯ ಮೋಟುಗೋಡೆ ಅಡ್ಡ ಇರುವುದರಿಂದ ಒಬ್ಬರ ಮುಖ ಒಬ್ಬರಿಗೆ ಕಾಣದು. ಕೆಳಗಿನಿಂದ "ಬಿಡು" ಎಂಬ ಕೂಗು ಬಂದರೆ ಒಂದು ಮೊಳ ಹಗ್ಗ ಬಿಡಬೇಕು, "ತಡಿ" ಎಂದರೆ ನಿಲ್ಲಿಸಬೇಕು. ಇಡೀ ಕೆಲಸ ಈ ಎರಡು ಮಾತಿನ ಮೇಲೆ ನಿಂತಿತ್ತು.

ಆ ದಿನ ಒಂದು ಮೂಲೆಗೆ ಕೈ ಎಟುಕಲಿಲ್ಲವೆಂದು ಅಣ್ಣ ಸೊಂಟದ ಬೆಲ್ಟ್ ಬಿಚ್ಚಿ ಹಲಗೆಯ ಮೇಲೆ ಎದ್ದು ನಿಂತಿದ್ದ. ಮೇಲಿದ್ದವನಿಗೆ ಅದು ಗೊತ್ತಿಲ್ಲ. "ಅಣ್ಣಾ, ಬಣ್ಣ ಖಾಲಿ ಆಗಿರ್ಬೇಕಲ್ಲ, ಡಬ್ಬ ಮೇಲಕ್ಕೆ ಎಳ್ಕೊಳ್ಳಲಾ?" ಎಂದು ಕೇಳಿದ. "ಬೇಡ, ಬಿಡು" ಎಂದ ಅಣ್ಣ. ಬೇಡ ಎಂದದ್ದು ಗಾಳಿಯಲ್ಲಿ ಹಾರಿಹೋಯಿತು. ತಮ್ಮ ಹಗ್ಗ ಬಿಟ್ಟ. ಬಿಟ್ಟದ್ದು ಒಂದೇ ಮೊಳ.

ಅಂದಿನಿಂದ ಮೇಸ್ತ್ರಿ ತನ್ನ ಕೆಲಸದಲ್ಲಿ ಆ ಮಾತನ್ನೇ ನಿಷೇಧಿಸಿದ. ಹಗ್ಗದ ಹತ್ತಿರ "ಇಳಿಸು" ಎನ್ನಬೇಕು, ಬಾಯಿ ತಪ್ಪಿ ಹಳೆಯ ಮಾತು ಬಂದರೆ ಆ ದಿನದ ಟೀ ಅವರ ಲೆಕ್ಕಕ್ಕೆ. ಸಣ್ಣೋನು ತಾರಸಿ ಹತ್ತುವುದನ್ನೇ ನಿಲ್ಲಿಸಿದ. ನೆಲದ ಮೇಲೆ ಬಣ್ಣ ಕಲಸಿಕೊಂಡು, ತಲೆ ಎತ್ತದೆ ಮೂರು ವರ್ಷ ದೂಡಿದ.

ಅತ್ತಿಗೆ ಮಾತ್ರ ಮನೆಯಲ್ಲಿ ಕೂರಲಿಲ್ಲ. ವರ್ಷ ತುಂಬುವ ಮುಂಚೆಯೇ ಮೇಸ್ತ್ರಿಯನ್ನು ಕಾಡಿ ಬೇಡಿ, ಗಂಡ ಕೂರುತ್ತಿದ್ದ ಹಲಗೆಯ ಮೇಲೆ ತಾನು ಕೂತಳು. ಕೈ ಕುದುರಿತು. ಒಂದೇ ಮನೆಯಲ್ಲಿದ್ದರೂ ಮೈದುನನ ಜೊತೆ ಅವಳ ಮಾತು ಅಳತೆಯದ್ದು. "ಊಟ ಮುಚ್ಚಿಟ್ಟಿದೆ." "ನೀರು ಬಂದಿದೆ." ಯಾರು ಯಾರಿಗೆ ಹೇಳುತ್ತಿದ್ದಾರೆ ಎಂಬುದು ಆ ಮಾತುಗಳಲ್ಲಿ ಇರುತ್ತಿರಲಿಲ್ಲ. ಅವನು ಅದನ್ನೇ ಶಿಕ್ಷೆ ಎಂದು ಒಪ್ಪಿಕೊಂಡು ತಲೆ ತಗ್ಗಿಸಿ ಉಣ್ಣುತ್ತಿದ್ದ.

ಹೀಗಿರುವಾಗ ಅವಳಿಗೆ ಹಗ್ಗ ಹಿಡಿಯುವವನು ಬೈಕಿನಿಂದ ಬಿದ್ದು ಕೈ ಮುರಿದುಕೊಂಡ. ಇಡೀ ದಿನ ಐದನೇ ಮಹಡಿಯ ಮೇಲೆ ನಿಲ್ಲುವ ಗಂಡಸು ಮೊಣಕಾಲುದ್ದದ ಗಾಡಿಯಿಂದ ಬಿದ್ದನಲ್ಲ ಎಂದು ಎಲ್ಲರೂ ನಕ್ಕರು. ನಗು ಮುಗಿದ ಮೇಲೆ ಮೇಸ್ತ್ರಿ ತಲೆ ಕೆರೆದುಕೊಂಡ. "ಇವತ್ತಿನ ಕೆಲಸ ಕೆಟ್ಟಹಾಗೆ. ನಂಬಿ ಹಗ್ಗ ಕೊಡೋಕೆ ಯಾರಿದಾರೆ?"

"ಮೈದುನ ಇದಾನಲ್ಲ" ಎಂದಳು ಅತ್ತಿಗೆ.

ಸಣ್ಣೋನು ಬಣ್ಣ ಕಲಸುವ ಕೋಲು ಕೆಳಗಿಟ್ಟ. "ನನ್ನ ಕೈಲಿ ಆಗಲ್ಲ ಅತ್ತಿಗೆ. ಕೈ ಮುಗೀತೀನಿ."

"ನಿನಗೇನಮ್ಮ ತಲೆಗಿಲೆ ಕೆಟ್ಟಿದೆಯಾ?" ಎಂದ ಮೇಸ್ತ್ರಿ.

"ಧೈರ್ಯ ಇರೋರು ಹಿಡಿದ್ರೆ ಅವರ ಗಮನ ಎಲ್ಲೋ ಇರುತ್ತೆ. ನಂಗೆ ಹೆದರೋ ಕೈಯೇ ಬೇಕು" ಎಂದು ಅವಳು ಬೆಲ್ಟ್ ಬಿಗಿದುಕೊಂಡಳು.

ಅವನು ಮೆಟ್ಟಿಲು ಹತ್ತಿದ. ಹೇಗೆ ಹತ್ತಿದನೋ ಅವನಿಗೇ ತಿಳಿಯದು. ಮೊದಲ ಎರಡು ಮಹಡಿ ಹೇಗೋ ಸಾಗಿತು. "ಇಳಿಸು" ಎಂದಳು, ಇಳಿಸಿದ. "ತಡಿ" ಎಂದಳು, ತಡೆದ. ಆಮೇಲೆ ಜೋರು ಗಾಳಿ ಬೀಸಿತು. ಕೆಳಗಿನಿಂದ ಏನೋ ಕೂಗು ಬಂತು, ಯಾವ ಮಾತೆಂದು ತಿಳಿಯಲಿಲ್ಲ. ಸಣ್ಣೋನ ಬೆರಳು ಹಗ್ಗದ ಸುತ್ತ ಮರಗಟ್ಟಿದವು. ಮತ್ತೆ ಕೂಗು ಬಂತು. ಬೆವರು ಕಣ್ಣಿಗೆ ಇಳಿಯಿತು. ಕೈ ಸಡಿಲಲಿಲ್ಲ.

ಮೇಸ್ತ್ರಿ ತಾರಸಿಗೆ ಓಡಿಬಂದು ಹಗ್ಗಕ್ಕೆ ಕೈ ಹಾಕಿದ. "ಕೊಡೋ ಇಲ್ಲಿ! ಬಿಡೋ, ಬಿಡೋ ಅಂದೆ!" ತಾನೇ ಮಾಡಿದ ಕಟ್ಟಳೆ ಗಾಬರಿಯಲ್ಲಿ ಅವನಿಗೇ ಮರೆತುಹೋಗಿತ್ತು.

ಆ ಮಾತು ಕಿವಿಗೆ ಬಿದ್ದದ್ದೇ ಸಣ್ಣೋನು ಬೆಚ್ಚಿದ. ಬೆಚ್ಚಿದರೂ ಬಿಡಲಿಲ್ಲ. "ತಡೀರಿ ಮೇಸ್ತ್ರಿ" ಎಂದ. ಗೋಡೆಯ ಕಡೆಗೆ ತಿರುಗಿ ಗಂಟಲು ಹರಿಯುವ ಹಾಗೆ ಕೂಗಿದ. "ಅತ್ತಿಗೇ, ಏನಂದ್ರಿ? ಸರಿಯಾಗಿ ಕೇಳಿಸ್ಲಿಲ್ಲ. ಇನ್ನೊಂದ್ಸಲ ಹೇಳಿ! ಕೂತಿದೀರಾ? ಬೆಲ್ಟ್ ಹಾಕಿದೀರಾ?"

ಮೋಟುಗೋಡೆಯತ್ತ ಕಿವಿ ಕೊಟ್ಟು ನಿಂತ.

"ಕೂತಿದೀನಿ. ಬೆಲ್ಟ್ ಇದೆ. ಇಳಿಸು."

ಬೆರಳು ಒಂದೊಂದಾಗಿ ಸಡಿಲವಾದವು. ಹಗ್ಗ ಕಂಬವನ್ನು ಉಜ್ಜುತ್ತಾ ಮೊಳ ಮೊಳವಾಗಿ ಕೆಳಗಿಳಿಯಿತು. ಪ್ರತಿ ಮೊಳಕ್ಕೂ ಅವನು ಕೇಳಿದ, ಪ್ರತಿ ಮೊಳಕ್ಕೂ ಅವಳು ಉತ್ತರಿಸಿದಳು. ಮೇಸ್ತ್ರಿ ಪಕ್ಕದಲ್ಲೇ ನಿಂತಿದ್ದ. ಗೋಡೆ ಮುಗಿಯಿತು.

ಅತ್ತಿಗೆ ಮೆಟ್ಟಿಲು ಹತ್ತಿ ಮೇಲೆ ಬಂದಾಗ ಅವನು ಕಂಬಕ್ಕೆ ಒರಗಿ ಕೂತಿದ್ದ. ಅಂಗೈ ಸುಲಿದಿತ್ತು. ಅವಳು ಎದುರು ನಿಂತು, ಮೂರು ವರ್ಷದಲ್ಲಿ ಮೊದಲ ಸಲ ಅವನ ಮುಖ ನೋಡಿ ಮಾತಾಡಿದಳು.

"ಅವತ್ತೂ ಹೀಗೇ ಕೇಳ್ಬೇಕಿತ್ತು ನೀನು."

ಮೇಸ್ತ್ರಿ ನಡುವೆ ಬಾಯಿ ಹಾಕಲು ಹೋದ. ಸಣ್ಣೋನು ಕೈಯೆತ್ತಿ ತಡೆದ. ಇಷ್ಟು ವರ್ಷ ಯಾರೂ ಈ ಮಾತು ಹೇಳಿರಲಿಲ್ಲ. ನಿನ್ನ ತಪ್ಪಿಲ್ಲ ಎಂದವರೇ ಎಲ್ಲ, ಹಣೆಬರಹ ಎಂದವರೇ ಎಲ್ಲ.

"ಹೌದು ಅತ್ತಿಗೆ. ಕೇಳ್ಬೇಕಿತ್ತು."

ಅಂದದ್ದೇ ತಡ, ಅವನಿಗೆ ಅಳು ಒತ್ತರಿಸಿ ಬಂತು. ಇಷ್ಟು ದಿನ ಅವನು ತನ್ನ ಕೈಗಳಿಗೆ ಹೆದರಿಕೊಂಡೇ ಬದುಕಿದ್ದ, ಅಣ್ಣನಿಗಾಗಿ ಒಮ್ಮೆಯೂ ಅತ್ತಿರಲಿಲ್ಲ. ಅತ್ತಿಗೆ ಸಮಾಧಾನ ಹೇಳಲಿಲ್ಲ, ಹೊರಟೂ ಹೋಗಲಿಲ್ಲ. ಪಕ್ಕದಲ್ಲಿ ಕೂತು, ಸೆರಗಿನಿಂದ ಮುಖದ ಮೇಲಿನ ಬಣ್ಣ ಒರೆಸಿಕೊಂಡಳು. ಅವನ ಅಳು ಮುಗಿಯಲು ತುಂಬ ಹೊತ್ತು ಹಿಡಿಯಿತು.

"ನಾಳೆ ಹಿಂದಿನ ಗೋಡೆ" ಎಂದಳು ಆಮೇಲೆ. "ಕೈಗೆ ಬಟ್ಟೆ ಸುತ್ಕೊಂಡು ಬಾ."