ಮೂರನೇ ಸೀಟಿನ ಮಲ್ಲಿಗೆ

ಎರಡು ಸಾವಿರದ ಮೂರನೇ ಇಸವಿಯ ಮಾತು. ಸಿಂದಗಿಯಿಂದ ದೇವರ ಹಿಪ್ಪರಗಿಗೆ ಹೋಗುವ ನಾಲ್ಕೂವರೆಯ ಬಸ್ಸು. ಕಾಲೇಜು ಬಿಟ್ಟು ದಾನೇಶ್ವರಿ ಹತ್ತುವಷ್ಟರಲ್ಲಿ ಕಿಟಕಿ ಪಕ್ಕದ ಮೂರನೇ ಸೀಟಿನ ಮೇಲೆ ಒಂದು ಮೊಳ ಮಲ್ಲಿಗೆ ಇರುತ್ತಿತ್ತು. ಇಡುತ್ತಿದ್ದವನು ಅವಳು ಮೆಚ್ಚಿದ ಹುಡುಗ ಕಲ್ಮೇಶ. ಆದರೆ ಇಡುವುದನ್ನು ಯಾರೂ ಒಂದು ದಿನವೂ ಕಂಡಿರಲಿಲ್ಲ. ಮೊದಮೊದಲು ಹುಡುಗಿ ಹಿಗ್ಗಿದ್ದೇ ಹಿಗ್ಗು!

ಒಂದು ದಿನ ಕ್ಲಾಸಿನ ಹುಡುಗನ ಜೊತೆ ನಕ್ಕಳೆಂದು ಕಲ್ಮೇಶ ಅವಳ ಮುಂಗೈ ತಿರುಚಿದ. ಬಳೆ ಒಡೆದವು. ಹೆದರಿದ ಅವಳು ಅವತ್ತು ಬಸ್ಸಿನಲ್ಲಿ ಹಿಂದಿನ ಸೀಟಿಗೆ ಹೋಗಿ ಕೂತಳು. ಮರುದಿನ ಮಲ್ಲಿಗೆ ಅಲ್ಲೇ ಕಾದಿತ್ತು. ಮತ್ತೆ ಸೀಟು ಬದಲಿಸಿದಳು. ಅದರ ಮರುದಿನ ಆ ಸೀಟಿನ ಮೇಲೆ ಹೂವಿಲ್ಲ, ಒಂದು ಕಾಗದದ ಪೊಟ್ಟಣ. ಒಳಗೆ ಅವಳವೇ ಹಸಿರು ಬಳೆಯ ಚೂರುಗಳು, ಒಂದೊಂದನ್ನೂ ಒರೆಸಿ ಇಟ್ಟಿದ್ದ. ಅಯ್ಯೋ, ಬಸ್ಸಿನ ತುಂಬ ಜನರಿದ್ದರೂ ಅವಳಿಗೆ ಕುತ್ತಿಗೆಯ ಮೇಲೆ ಯಾರದೋ ಉಸಿರು ತಾಗಿದಂತಾಯಿತು.

ಗೆಳತಿ ಶಾಹಿಸ್ತಾ ಪೊಟ್ಟಣ ನೋಡಿದಳು. “ಶನಿವಾರ ಕಾಲೇಜಿನ ಮೀಟಿಂಗಿಗೆ ಬಾ. ಪ್ರೀತಿ ಹೆಸರಿನ್ಯಾಗ ಕಾಡೋದು, ಹೊಡಿಯೋದು ಹೆಂಗ ತಡೀಬೇಕಂತ ಹೇಳ್ತಾರ.”

“ಅದು ಹೊಡೆತ ತಿಂದವ್ರಿಗೆ. ಅಂವಾ ಪ್ರೀತಿಲೆ ಮಾಡ್ತಾನ. ನಿಂಗೇನಾಗೈತಿ ಅಂತ ನೀ ಹೋಗ್ತಿ?”

“ನಂಗೇನೂ ಆಗಿಲ್ಲ. ನಮ್ಮಕ್ಕ ಪೀರಬಿ ಮೆಚ್ಚಿದಾಂವನ ಕೈಲೆ ಪೆಟ್ಟು ತಿಂದು ಮೂಲಿಯೊಳಗ ಅಳ್ತಿದ್ಲು. ನಾ ನಿದ್ದಿ ಬಂದಂಗ ಮಾಡ್ತಿದ್ನಿ. ಏನ್ ಹೇಳ್ಬೇಕು ಗೊತ್ತಿರಲಿಲ್ಲ. ಅದನ್ನ ಕಲಿಯಾಕ ಹೋಗ್ತೇನಿ. ಗಂಡುಹುಡುಗ್ರೂ ಬರ್ತಾರ. ನಮ್ಮ ಕ್ಲಾಸಿನ ಸಿದ್ರಾಮ ತನ್ನ ಸಿಟ್ಟಿಗೆ ತಾನ ಅಂಜಿ ಬಂದಾನ.”

“ಅವ್ವಗ ಗೊತ್ತಾದ್ರ ಕಾಲೇಜ ಬಿಡಸ್ತಾಳ.”

“ನಿಮ್ಮವ್ವಗ ನಾ ಹೇಳ್ತೇನಿ. ನೀ ನನ್ನ ಬಾಜೂಕ ಕುಂದ್ರು, ಸಾಕು.”

ಶಾಹಿಸ್ತಾ ಮನೆಗೆ ಬಂದು ಹೇಳಿದ್ದೇ ತಡ, ಅಂದುಕೊಂಡಂತೆಯೇ ದಾನೇಶ್ವರಿಯ ಅವ್ವ ಕಸ್ತೂರೆವ್ವ ಉರಿದುಬಿದ್ದಳು. “ನಾಳಿಂದ ಕಾಲೇಜ ಬಂದ್!”

“ತಪ್ಪು ಮಾಡಿದಾಂವಾ ಊರ ತಿರಗೋದು, ಮನ್ಯಾಗ ಕೂಡೋದು ಇಕಿ ಏನ್ರಿ ಕಾಕೂ?” ಎಂದಳು ಶಾಹಿಸ್ತಾ.

ಕಸ್ತೂರೆವ್ವ ಚೂರುಗಳನ್ನು ಅಂಗೈಯಲ್ಲಿ ಹಿಡಿದಳು. “ಈ ಬಳಿ ನಾನ ಇಡಸಿದ್ನಲ್ಲ ಮಗಳ” ಎಂದು ಕಣ್ಣೀರು ಹಾಕಿದಳು. ಶನಿವಾರ ಮೂವರೂ ಮೀಟಿಂಗಿನಲ್ಲಿ ಕೂತರು.

ಸೋಮವಾರ ದಾನೇಶ್ವರಿ ತನ್ನ ಹಳೆಯ ಮೂರನೇ ಸೀಟಿಗೇ ಮರಳಿದಳು; ಅದರ ಮೇಲೂ ಮತ್ತೊಂದು ಪೊಟ್ಟಣ. ಮಗಳ ಜೊತೆ ಬಸ್ಸು ಹತ್ತಿದ್ದ ಕಸ್ತೂರೆವ್ವ ಅದನ್ನು ಎತ್ತಿ ಹಿಡಿದು ಕೂಗಿದಳು: “ಯಾರಪಾ ಇಟ್ಟಾಂವ? ಬಾ, ನನ್ನ ಕಣ್ಣ ಮುಂದ ಇಡು!”

ಬಸ್ಸಿನ ಜನರೆಲ್ಲ ತಿರುಗಿ ನೋಡಿದರು. ಹಿಂದಿನಿಂದ ಕಲ್ಮೇಶ ತಲೆ ತಗ್ಗಿಸಿ ಸರಸರನೆ ಇಳಿದುಹೋದ. ಮೀಟಿಂಗಿನಲ್ಲಿ ಹೇಳಿಕೊಟ್ಟಂತೆ ತಾಯಿ ಮಗಳು ಎರಡೂ ಪೊಟ್ಟಣಗಳನ್ನು ಜೋಪಾನ ಮಾಡಿ ಪೊಲೀಸ್ ಠಾಣೆಗೆ ಒಯ್ದು ಕೊಟ್ಟರು. ಆಮೇಲೆ ಆ ಸೀಟಿನ ಮೇಲೆ ಹೂವೂ ಇಲ್ಲ, ಪೊಟ್ಟಣವೂ ಇಲ್ಲ. ದಾನೇಶ್ವರಿ ಅದರಲ್ಲೇ ಕೂತು ಡಿಗ್ರಿ ಮುಗಿಸಿದಳು.

ಓದುವ ತಂಗಿ, ತಮ್ಮ, ಪೆಟ್ಟು ಬೀಳುವ ತನಕ ಕಾಯಬೇಡಿ. ಹೆದರಿಕೆಯಾದರೂ ಸಾಕು, ಶನಿವಾರ ಕಾಲೇಜಿನ ಮೀಟಿಂಗಿಗೆ ಬನ್ನಿ. ಮೂಲೆಯಲ್ಲಿ ಅಳುವ ಗೆಳತಿಯನ್ನು, ಸಿಟ್ಟಿಗೆ ಸೋಲುವ ಗೆಳೆಯನನ್ನು ಕೈಹಿಡಿದು ಕರೆತನ್ನಿ. ಬಾಜೂಕ ಕುಂದ್ರಾಕ ನಾವಿದ್ದೇವಿ.