ನಾಗಣ್ಣನ ಹಸಿರು ಪುಡಿ

ಪಾರ್ವತಿಬಾಯಿ ಅರ್ಧ ನಿಂಬೆಹಣ್ಣು ಹಿಡಿದು ಗಂಡನ ಎಡಗೈಯನ್ನು ಇನ್ನೊಮ್ಮೆ ತಿಕ್ಕಿದಳು. ಕೆಂಪು ಹೋಗಲಿಲ್ಲ. ನಿನ್ನೆ ಶಹಾಪುರದ ಲ್ಯಾಬಿನಲ್ಲಿ ಟೀಬಿ ಪರೀಕ್ಷೆಗೆ ಕಫ ಸವರಿದ ಗಾಜಿಗೆ ಬಣ್ಣ ಹಾಕುತ್ತಿದ್ದಾಗಲೇ ನಾಗಣ್ಣ ಎದೆ ಹಿಡಿದುಕೊಂಡು ಕುಸಿದು ಪ್ರಾಣ ಬಿಟ್ಟಿದ್ದ. ಬಾಟಲಿ ಅಂಗೈ ಮೇಲೆಯೇ ಚೆಲ್ಲಿತ್ತು.

"ಸಾಕು ಬಿಡವಾ," ಎಂದ ನಾಗಣ್ಣನ ಅಣ್ಣ ಬಸವಕುಮಾರ. ದೋರನಹಳ್ಳಿಯಿಂದ ಬಂದವನು ಮೂಗಿಗೆ ವಸ್ತ್ರ ಹಿಡಿದು ಬಾಗಿಲಲ್ಲೇ ನಿಂತಿದ್ದ. "ಮಂದಿ ಉಗುಳು ಅದು. ಕೈಗೆ ಅರಿವಿ ಸುತ್ತೂಣು. ಲಿಂಗ ಅದರ ಮ್ಯಾಲ ಇಡೂಣು."

"ಉಗುಳಲ್ರಿ ಭಾವಾ, ಬಣ್ಣ. ಮಣ್ಣು ಕೊಡೂ ಮುಂದ ಲಿಂಗ ಬರೇ ಅಂಗೈಯಾಗ ಇಡಬೇಕು. ದಿನಾ ಇದ ಕೈಯಾಗ ಪೂಜಿ ಮಾಡ್ಯಾರ."

"ದಿನಾ ಇದ ಕೈಯಾಗ ಉಗುಳೂ ಹಿಡದಾನ."

"ಅದಕ್ಕ ನಮ್ಮನ್ಯಾಗ ಅವ್ರಿಗೆ ಬ್ಯಾರೆ ಗಿಲಾಸ ಇಟ್ಟಿದ್ವಿ," ಎಂದಳು ಬಸವಕುಮಾರನ ಹೆಂಡತಿ ಬಸವೇಶ್ವರಿ.

"ನೆನಪೈತ್ರಿ ಅಕ್ಕಾ. ಎಮ್ಮಿಗೆ ಔಷಧ ಕುಡಸೂ ಗಿಲಾಸ."

ಕ್ರಿಯೆ ಮಾಡಿಸಲು ಬಂದಿದ್ದ ಅಯ್ನೋರು ಗೋಡೆ ನೋಡಿದರು. ಮನೆಗೆ ಹಿರಿಯ ಬಸವಕುಮಾರ. ಅವನ ಮಾತೇ ನಡೆಯಿತು. ಅರಿವೆ ಸುತ್ತಿದ್ದು ಮಾತ್ರ ಪಾರ್ವತಿಬಾಯಿಯೇ. ಬೇರೆ ಯಾರೂ ಆ ಕೈ ಮುಟ್ಟಲಿಲ್ಲ.

*

ಮದುವೆಯಾದ ಹೊಸದರಲ್ಲಿ ನಾಗಣ್ಣ ಒಂದು ಸಣ್ಣ ಶೀಶೆ ತಂದಿದ್ದ. ಒಳಗೆ ಹಸಿರು ಪುಡಿ, ಜೀರುಂಡೆಯ ಬೆನ್ನಿನಂತೆ ಮಿರಿಮಿರಿ.

"ಕೈ ತೊಯಿಸ್ಕೊಂಡು ಬಾ," ಎಂದು ಅವಳ ಅಂಗೈಗೆ ಒಂದೇ ಒಂದು ಕಾಳು ಉದುರಿಸಿದ. ಅಂಗೈ ತುಂಬ ಕೆಂಪು ಹರಡಿತು. "ಟೀಬಿ ಹುಳಾ ಈ ಬಣ್ಣ ಕುಡದ್ರ ಆಸಿಡ್ ಹಾಕಿದ್ರೂ ಬಿಡಂಗಿಲ್ಲ. ಹಂಗಾಗಿ ಸಿಕ್ಕಿಬೀಳ್ತಾವ."

"ನನಗೂ ಬಿಡಂಗಿಲ್ಲೇನ್ರಿ?"

"ನೀ ಏನ್ ಟೀಬಿ ಹುಳಾನ? ವಾರದಾಗ ಹೋಗ್ತದ."

ಅವಳು ನಗುತ್ತ ಆ ಕೈಯನ್ನು ಅವನ ಬಿಳಿ ಅಂಗಿಗೇ ಒರೆಸಿದ್ದಳು.

*

ಮಣ್ಣು ಕೊಡಲು ಗಂಡಸರು ಹೊರಟ ಮೇಲೆ ಪಾರ್ವತಿಬಾಯಿ ಕಪಾಟಿನಿಂದ ಶೀಶೆ ತೆಗೆದಳು. ಬಚ್ಚಲ ಕಟ್ಟೆಯ ಮೇಲಿನ ಹಗ್ಗಕ್ಕೆ ಹಸಿರು ಟವೆಲು ಹಾಕಿ, ಅದರ ಮಡಿಕೆಯೊಳಗೆ ಚಿಟಿಕೆ ಪುಡಿ ಉದುರಿಸಿದಳು.

ಬಸವಕುಮಾರ ಮಣ್ಣು ಹಾಕುವಾಗಲೂ ದೂರದಿಂದಲೇ ಎಸೆದು ಬಂದಿದ್ದ. ಆದರೂ ಸೋಪು ಹಚ್ಚಿ ಮೊಣಕೈವರೆಗೆ ತಿಕ್ಕಿ ತೊಳೆದ. ಟವೆಲಿನಿಂದ ಕೈ ಒರೆಸಿದ, ಮುಖವನ್ನೂ ಒರೆಸಿದ.

ಬಸವೇಶ್ವರಿ ಹಿಂದಕ್ಕೆ ಸರಿದಳು. "ನನ್ನ ಮುಟ್ಟಬ್ಯಾಡ್ರಿ."

ಅವನು ಅಂಗೈ ನೋಡಿಕೊಂಡ. ನೀರು ಹಾಕಿದ. ಹಾಕಿದಷ್ಟೂ ಕೆಂಪು ಹರಡಿತು.

"ಏನಿದು, ಪಾರ್ವತಿ?"

"ನೀವ ಹೇಳ್ರಿ ಭಾವಾ. ಉಗುಳೋ, ಬಣ್ಣೋ?"

ಅವನು ಅವಳ ಮುಖ ನೋಡಿದ. ಹೆಂಡತಿಯ ಮುಖ ನೋಡಿದ.

"ಬಣ್ಣ," ಎಂದ.

ಬೆಳಗಿನ ಅರ್ಧ ನಿಂಬೆಹಣ್ಣು ಕಟ್ಟೆಯ ಮೇಲೆ ಇನ್ನೂ ಹಾಗೇ ಬಿದ್ದಿತ್ತು, ಅಂಚೆಲ್ಲ ಕೆಂಪಾಗಿ. ಬಸವಕುಮಾರ ಅದನ್ನೇ ಎತ್ತಿಕೊಂಡು ಅಂಗೈಗೆ ತಿಕ್ಕತೊಡಗಿದ.